ಕಡಿಯದೆ ಬಿಟ್ಟ ಕಂಟಿ

ನಮ್ಮ ಕಡೆ ಹೊಲದ ಬದುವಿನಲ್ಲಿ ಜಾಲಿಕಂಟಿ ಕಡಿಯದೆ ಬಿಟ್ಟವನನ್ನು ಮೈಗಳ್ಳ ಅನ್ನುತ್ತಾರೆ. ಬೀಳಗಿ ತಾಲ್ಲೂಕಿನ ನಮ್ಮೂರಲ್ಲಿ ನಾನು ಕೇಳಿ ಬೆಳೆದದ್ದೇ ಆ ಮಾತು. ಹಾಗಾಗಿ ಇಲ್ಲಿ ನ್ಯೂಜಿಲೆಂಡಿನಲ್ಲಿ ಒಂದು ಇಡೀ ಕಣಿವೆಯನ್ನು ಮುಳ್ಳುಕಂಟಿಗೆ ಬಿಟ್ಟುಕೊಟ್ಟು, ಅದರೊಳಗಿಂದ ಕಾಡು ಏಳುವುದನ್ನು ಕಾಯುತ್ತಿರುವವರನ್ನು ಕಂಡಾಗ ನನಗೆ ನಂಬಿಕೆಯೇ ಬರಲಿಲ್ಲ. ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಕಡೀಲಾರ್ದ ಹಂಗ ಬಿಟ್ಟಾರ? ಆಳ ಸಿಗೂದಿಲ್ಲೇನವಾ ಅಲ್ಲಿ?" ಅಂದರು.

ನಾವಿರುವುದು ಕ್ರೈಸ್ಟ್‌ಚರ್ಚ್‌ನಲ್ಲಿ. ದಕ್ಷಿಣ ದ್ವೀಪದ ಪೂರ್ವ ತೀರದ ಊರು. ಇಲ್ಲಿನ ವರ್ಷದ ಮಳೆ ಸುಮಾರು 600 ಮಿಲಿಮೀಟರ್. ನಮ್ಮ ಬಾಗಲಕೋಟೆ ಕಡೆಯದೂ ಹೆಚ್ಚುಕಮ್ಮಿ ಅಷ್ಟೇ! ಇದು ಗೊತ್ತಾದಾಗ ನಾನು ಎರಡೆರಡು ಸಲ ನೋಡಿದೆ. ವ್ಯತ್ಯಾಸ ಇರುವುದು ಮಳೆ ಬರುವ ರೀತಿಯಲ್ಲಿ. ಇಲ್ಲಿ ತಿಂಗಳಿಗಿಷ್ಟು ಅಂತ ವರ್ಷಪೂರ್ತಿ ಹನಿಯುತ್ತದೆ, ತಂಪಿನಿಂದಾಗಿ ನೆಲ ಬೇಗ ಒಣಗುವುದಿಲ್ಲ. ನಮ್ಮಲ್ಲಿ ನಾಲ್ಕೈದು ತಿಂಗಳಲ್ಲಿ ಬಂದು ಹೋಗುತ್ತದೆ, ಉಳಿದದ್ದನ್ನು ಬಿಸಿಲು ಕುಡಿಯುತ್ತದೆ.

ಮನುಷ್ಯರು ಈ ದೇಶಕ್ಕೆ ಬಂದು ಏಳೆಂಟು ನೂರು ವರ್ಷ ಆಗಿದೆ, ಅಷ್ಟೇ. ಅದಕ್ಕೂ ಮುಂಚೆ ಶೇಕಡ 80ರಷ್ಟು ನೆಲದಲ್ಲಿ ಕಾಡಿತ್ತು. ಈಗ ಸ್ಥಳೀಯ ಕಾಡು ಉಳಿದಿರುವುದು ಹತ್ತಿರ ಹತ್ತಿರ ಕಾಲು ಭಾಗ. ಮೊದಲು ಇಲ್ಲಿನ ಮೂಲ ಜನರಾದ ಮಾವೋರಿಗಳ ಬೆಂಕಿಗೆ ಒಂದಿಷ್ಟು ಹೋಯಿತು. 19ನೇ ಶತಮಾನದಲ್ಲಿ ಯುರೋಪಿನವರು ಬಂದ ಮೇಲೆ ಮರದ ದಿಮ್ಮಿಗೆ, ಕುರಿ ಮೇಯಿಸುವ ಹುಲ್ಲಿಗೆ ಅಂತ ಇನ್ನೂ ಜಾಸ್ತಿ ಹೋಯಿತು. ಕ್ರೈಸ್ಟ್‌ಚರ್ಚ್ ಸುತ್ತಲಿನ ಬಯಲಿನಲ್ಲಂತೂ ಹಳೆಯ ಸ್ಥಳೀಯ ಗಿಡಮರ ಶೇಕಡ ಒಂದರಷ್ಟೂ ಉಳಿದಿಲ್ಲ.

ಉಳಿದದ್ದರಲ್ಲಿ ಒಂದು ತುಣುಕು ಊರೊಳಗೇ ಇದೆ, ರಿಕಾರ್ಟನ್ ಬುಷ್. ಮಾವೋರಿ ಹೆಸರು ಪುಟಾರಿಂಗಮೋಟು. ಸುಮಾರು 19 ಎಕರೆ. ಹತ್ತಿರದಲ್ಲೇ ನಾವು ಹುಣಸೆಹಣ್ಣು, ತೊಗರಿಬೇಳೆ ತರುವ ಭಾರತೀಯ ಅಂಗಡಿಗಳಿವೆ. ಸಂತೆ ಮುಗಿಸಿ ಆ ಕಾಡಿನೊಳಗೆ ಕಾಲಿಟ್ಟರೆ ಸದ್ದು ನಿಂತುಹೋಗುತ್ತದೆ. ಕಾಹಿಕಾಟೆಯಾ ಅನ್ನುವ ಎತ್ತರದ ಮರಗಳು, ಕೆಲವಕ್ಕೆ 600 ವರ್ಷದವರೆಗೆ ವಯಸ್ಸು. ಒಂದು ಕುಟುಂಬ 1840ರ ದಶಕದಿಂದ ಅದನ್ನು ಕಡಿಯದೆ ಉಳಿಸಿ, 1914ರಲ್ಲಿ ಊರಿಗೆ ಬಿಟ್ಟುಕೊಟ್ಟಿತು. 2000ದಲ್ಲಿ ಸುತ್ತ ಇಲಿ, ಬೆಕ್ಕು, ಪಾಸಮ್ ಅನ್ನುವ ಮರ ಹತ್ತುವ ಪ್ರಾಣಿ ನುಸುಳದಂಥ ಬೇಲಿ ಹಾಕಿದರು. ಮೊದಲ ಸಲ ಹೋದಾಗ ನನಗೆ ನಮ್ಮ ಕಡೆಯ ದೇವರಕಾಡುಗಳ ನೆನಪಾಯಿತು. ಗುಡಿಯ ಹಿಂದೆ ನಾಲ್ಕು ಬನ್ನಿ, ನಾಲ್ಕು ಬೇವು. ದೇವರ ಹೆದರಿಕೆಯಿಂದ ಉಳಿದವು.

ರಿಕಾರ್ಟನ್ ಬುಷ್‌ನಲ್ಲಿ ಸಿಕ್ಕ ಒಬ್ಬ ಹಿರಿಯರಿಂದ ನನಗೆ ಶನಿವಾರದ ತಂಡದ ಪರಿಚಯ ಆಯಿತು. ಸಂಬಳ ಇಲ್ಲದ ಕೆಲಸ. ಗಿಡ ನೆಡುತ್ತಾರೆ, ಕಳೆ ಕೀಳುತ್ತಾರೆ, ಬೋನು ಇಡುತ್ತಾರೆ, ಎಣಿಸುತ್ತಾರೆ.

ಬೋನಿನ ವಿಷಯ ಹೇಳಲೇಬೇಕು. ಈ ದೇಶದಲ್ಲಿ ಬಾವಲಿ ಬಿಟ್ಟರೆ ನೆಲದ ಮೇಲೆ ಬದುಕುವ ಸ್ಥಳೀಯ ಸಸ್ತನಿಯೇ ಇರಲಿಲ್ಲ. ಹಾಗಾಗಿ ಹಕ್ಕಿಗಳು ಹೆದರಿಕೆಯೇ ಇಲ್ಲದೆ ನೆಲದ ಮೇಲೆ, ತಗ್ಗು ಕೊಂಬೆಗಳಲ್ಲಿ ಗೂಡು ಮಾಡಿಕೊಂಡು ಇದ್ದವು. ಹಡಗಿನ ಜೊತೆ ಇಲಿ ಬಂತು. ತುಪ್ಪಳದ ವ್ಯಾಪಾರಕ್ಕೆ ಅಂತ 1837ರಲ್ಲಿ ಆಸ್ಟ್ರೇಲಿಯಾದಿಂದ ಪಾಸಮ್ ತಂದರು. ಮೊಲ ಹೆಚ್ಚಾಯಿತು ಅಂತ 1880ರ ದಶಕದಲ್ಲಿ ಸ್ಟೋಟ್ ಅನ್ನುವ ಮುಂಗುಸಿಯಂಥ ಬೇಟೆಗಾರ ಪ್ರಾಣಿಯನ್ನು ತಂದು ಬಿಟ್ಟರು. ಪಾಸಮ್ ಚಿಗುರನ್ನೂ ಹಣ್ಣನ್ನೂ ತಿನ್ನುತ್ತದೆ, ಸಿಕ್ಕರೆ ಮೊಟ್ಟೆಯನ್ನೂ ಬಿಡುವುದಿಲ್ಲ. ಇಲಿ ಬೀಜ ತಿನ್ನುತ್ತದೆ. ಸ್ಟೋಟ್ ಮರಿಗಳನ್ನು ಹಿಡಿಯುತ್ತದೆ. ಈ ಮೂರನ್ನೂ 2050ರೊಳಗೆ ದೇಶದಿಂದಲೇ ಇಲ್ಲವಾಗಿಸಬೇಕು ಅಂತ 2016ರಲ್ಲಿ ಇಲ್ಲಿನ ಸರ್ಕಾರ ಗುರಿ ಇಟ್ಟುಕೊಂಡಿತು.

ನಾನು ಇರುವೆ ತುಳಿದರೂ "ಯವ್ವಾ, ಪಾಪ" ಅನ್ನುವ ಮನೆಯಲ್ಲಿ ಬೆಳೆದವಳು. ಮೊದಲ ಶನಿವಾರವೇ ಬೋನಿನಲ್ಲಿ ಸತ್ತ ಪಾಸಮ್ ನೋಡಿ ಊಟ ಸೇರಲಿಲ್ಲ. ಬೆಕ್ಕಿನಷ್ಟು ದೊಡ್ಡದು, ಮೂಗು ಗುಲಾಬಿ ಬಣ್ಣ. ಅದರದ್ದೇನು ತಪ್ಪು? ತಂದವರು ಮನುಷ್ಯರು. ಇದನ್ನೇ ತಂಡದ ಮುಖ್ಯಸ್ಥರಿಗೆ ಹೇಳಿದೆ, ಕೊಲ್ಲುವ ಕೆಲಸ ನನ್ನ ಕೈಲಾಗುವುದಿಲ್ಲ ಅಂತ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಒಂದು ಪೆನ್ಸಿಲ್ಲು, ಒಂದು ರಟ್ಟಿನ ಹಲಗೆ ಕೊಟ್ಟು ಎಣಿಸುವವರ ಜೊತೆ ಕಳಿಸಿದರು. ನಾನು ಎಣಿಸಿ ಕೊಡುವ ಅಂಕಿ ನೋಡಿಯೇ ಬೋನು ಎಲ್ಲಿ, ಯಾವಾಗ ಅಂತ ತೀರ್ಮಾನ ಆಗುತ್ತದೆ ಅನ್ನುವುದು ಆಮೇಲೆ ತಿಳಿಯಿತು. ಆ ತೂಕ ಈಗಲೂ ಮನಸ್ಸಿನಲ್ಲಿದೆ. ಆದರೂ ಬಿಟ್ಟಿಲ್ಲ. ಬೋನು ಹಾಕಿದ ಕಣಿವೆಯಲ್ಲಿ ಬೆಳಗ್ಗೆ ಹಕ್ಕಿ ಕೂಗುವುದನ್ನೂ, ಹಾಕದ ಕಣಿವೆಯ ಮೌನವನ್ನೂ ನನ್ನ ಕಿವಿಯಾರೆ ಕೇಳಿದ್ದೇನೆ.

ಎಣಿಸುವುದು ಅಂದರೆ ಹೀಗೆ. ಕಾಡಿನಲ್ಲಿ 20 ಮೀಟರ್ ಉದ್ದ, 20 ಮೀಟರ್ ಅಗಲದ ಒಂದು ಚೌಕ ಗುರುತಿಸಿ, ಮೂಲೆಗಳಿಗೆ ಗೂಟ ಹೊಡೆಯುತ್ತಾರೆ. ಒಳಗಿನ ಪ್ರತಿ ಮರಕ್ಕೂ ನಂಬರ್ ಇರುವ ಅಲ್ಯೂಮಿನಿಯಂ ಬಿಲ್ಲೆ. ನೆಲದಿಂದ 1.35 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಮರದ ದಪ್ಪ ಬರೆದುಕೊಳ್ಳಬೇಕು. ಆ ಎತ್ತರಕ್ಕಿಂತ ಚಿಕ್ಕ ಸಸಿಗಳಿಗೆ ಬೇರೆ ಲೆಕ್ಕ. ಚೌಕದೊಳಗೆ 24 ಪುಟ್ಟ ವೃತ್ತಗಳು, ಪ್ರತಿಯೊಂದರಲ್ಲೂ ಮಂಡಿಯೂರಿ ಕುಳಿತು ಎಲೆ ಸರಿಸಿ ಎಣಿಸಬೇಕು. ಕೆಲವು ವರ್ಷ ಬಿಟ್ಟು ಅದೇ ಚೌಕಕ್ಕೆ ಮತ್ತೆ ಬರುತ್ತಾರೆ. ಯಾವ ಮರ ಸತ್ತಿತು, ಯಾವುದು ದಪ್ಪ ಆಯಿತು, ಯಾವುದು ಹೊಸದಾಗಿ ಸೇರಿತು ಅಂತ ನೋಡುತ್ತಾರೆ. ದೇಶದ ಉದ್ದಗಲಕ್ಕೂ ಇಂಥ ಸಾವಿರಾರು ಚೌಕಗಳ ಲೆಕ್ಕ ಒಂದು ಕಡೆ ಜಮಾ ಆಗುತ್ತದೆ.

ಮೇಲಿಂದ ನೋಡಿದರೆ ಹಸಿರಾಗಿರುವ ಕಾಡು ಒಳಗೆ ಮುದುಕರಷ್ಟೇ ಉಳಿದ ಊರಿನ ಹಾಗಿರಬಹುದು. ದೊಡ್ಡ ಮರಗಳಿವೆ, ಕೆಳಗೆ ಒಂದೂ ಸಸಿ ಇಲ್ಲ. ಜಿಂಕೆಯೋ ಆಡೋ ಪ್ರತಿ ಚಿಗುರನ್ನೂ ತಿಂದು ಮುಗಿಸಿರುತ್ತದೆ. ಇದು ಫೋಟೋದಲ್ಲಿ ಕಾಣುವುದಿಲ್ಲ, ಮಂಡಿಯೂರಿದರೆ ಮಾತ್ರ ಗೊತ್ತಾಗುತ್ತದೆ.

ಇಲಿಯ ಲೆಕ್ಕಕ್ಕೆ ಕಪ್ಪು ಸುರಂಗದಂಥ ಡಬ್ಬಿ ಇಡುತ್ತಾರೆ. ಒಳಗೆ ಶಾಯಿ ಬಳಿದ ಕಾರ್ಡು, ನಡುವೆ ಒಂದು ಚೂರು ಶೇಂಗಾ ಬೆಣ್ಣೆ. ರಾತ್ರಿ ಬಂದವರ ಹೆಜ್ಜೆ ಬೆಳಗ್ಗೆ ಕಾರ್ಡಿನ ಮೇಲಿರುತ್ತದೆ. ಬೆರಳ ಗುರುತು ನೋಡಿ ಇಲಿಯೋ, ಸ್ಟೋಟೋ, ಮುಳ್ಳುಹಂದಿಯಂಥ ಪುಟ್ಟ ಹೆಜ್‌ಹಾಗೋ ಅಂತ ಹೇಳಲು ಕಲಿತಿದ್ದೇನೆ. ಹಕ್ಕಿಗಾದರೆ ಒಂದೇ ಜಾಗದಲ್ಲಿ ಐದು ನಿಮಿಷ ಸುಮ್ನೆ ನಿಲ್ಲಬೇಕು. ಕಂಡದ್ದು, ಕೇಳಿದ್ದು ಎರಡನ್ನೂ ಬರೆಯಬೇಕು. ವಾರದಲ್ಲಿ ನನಗೆ ಅತಿ ಇಷ್ಟದ ಐದು ನಿಮಿಷ ಅದೇ.

ಇನ್ನು ಆ ಮುಳ್ಳುಕಂಟಿ. ಕ್ರೈಸ್ಟ್‌ಚರ್ಚ್‌ನಿಂದ ಆಗ್ನೇಯಕ್ಕೆ ಬ್ಯಾಂಕ್ಸ್ ಪೆನಿನ್ಸುಲಾ ಅನ್ನುವ ಗುಡ್ಡಗಾಡು ಇದೆ. ಹಿಂದೆ ಇಡೀ ಗುಡ್ಡಗಾಡೇ ಕಾಡಾಗಿತ್ತು. 1900ರ ಹೊತ್ತಿಗೆ ಬಹುತೇಕ ಎಲ್ಲಾ ಬೋಳಾಯಿತು. ಬೇಲಿಗೆ ಅಂತ ಬ್ರಿಟನ್ನಿನಿಂದ ತಂದಿದ್ದ ಗೊರ್ಸ್ ಅನ್ನುವ ಹಳದಿ ಹೂವಿನ ಮುಳ್ಳುಗಿಡ ಹೊಲಗದ್ದೆಗೆಲ್ಲ ನುಗ್ಗಿತು. ಕಡಿದರೆ ಮತ್ತೆ ಚಿಗುರುತ್ತದೆ. ಸುಟ್ಟರೆ ನೆಲದಲ್ಲಿ ಹತ್ತಾರು ವರ್ಷ ಬದುಕಿ ಕೂತಿರುವ ಬೀಜಗಳು ಒಟ್ಟಿಗೇ ಮೊಳೆಯುತ್ತವೆ. ರೈತರಿಗೆ ದೊಡ್ಡ ತಲೆನೋವು.

ಅಲ್ಲಿ ಹಿನೆವಾಯ್ ಅನ್ನುವ ಜಾಗದಲ್ಲಿ 1987ರಿಂದ ಹ್ಯೂ ವಿಲ್ಸನ್ ಅನ್ನುವ ಸಸ್ಯಶಾಸ್ತ್ರಜ್ಞರು ಬೇರೆ ದಾರಿ ಹಿಡಿದರು. ಗೊರ್ಸ್ ಕಡಿಯುವುದಿಲ್ಲ, ಸುಡುವುದಿಲ್ಲ. ಆಡು, ಪಾಸಮ್ ತಡೆಯುವುದು, ಬೆಂಕಿ ಬೀಳದಂತೆ ನೋಡಿಕೊಳ್ಳುವುದು, ಕಾಲುದಾರಿ ಸರಿಪಡಿಸುವುದು. ಉಳಿದದ್ದು ಕಾಯುವುದು. ಅಕ್ಕಪಕ್ಕದ ರೈತರು ಮೊದಮೊದಲು ಒಪ್ಪಲಿಲ್ಲ.

ಆದರೆ ವಿಲ್ಸನ್ ಅವರ ಲೆಕ್ಕ ಸರಿಯಿತ್ತು. ಗೊರ್ಸ್ ಸಸಿಗೆ ಬಿಸಿಲು ಬೇಕೇ ಬೇಕು. ತನ್ನದೇ ನೆರಳಿನಲ್ಲಿ ಅದು ಹುಟ್ಟುವುದಿಲ್ಲ. ಇಲ್ಲಿನ ಸ್ಥಳೀಯ ಮರಗಳ ಸಸಿಗಳಿಗೆ ನೆರಳು ಒಗ್ಗುತ್ತದೆ. ಗೊರ್ಸ್ ನಮ್ಮ ಕಡಲೆ, ತೊಗರಿಯ ಕುಟುಂಬದ್ದು, ಬೇರಿನಲ್ಲಿ ಸಾರಜನಕ ಹಿಡಿದಿಡುತ್ತದೆ. ಕಂಟಿಯ ಕೆಳಗೆ ಗಾಳಿ ಕಡಿಮೆ, ತೇವ ಜಾಸ್ತಿ. ಕೆರೆರು ಅನ್ನುವ ದೊಡ್ಡ ಕಾಡುಪಾರಿವಾಳ ಪಕ್ಕದ ಉಳಿದ ಕಾಡಿನ ಹಣ್ಣು ನುಂಗಿ ಬಂದು ಬೀಜ ಹಾಕುತ್ತದೆ. ಮಾಹೋಯೆ, ಕಾಡು ಫ್ಯೂಷಿಯಾದಂಥ ಮರಗಳು ಮುಳ್ಳಿನ ನಡುವೆ ಬೆಳೆದು ಮೇಲೆ ತಲೆ ಎತ್ತುತ್ತವೆ. ಆಗ ಗೊರ್ಸ್‌ಗೆ ಬಿಸಿಲು ತಪ್ಪಿ, ಅದು ನಿಂತಲ್ಲೇ ಒಣಗುತ್ತದೆ. 109 ಹೆಕ್ಟೇರಿನಲ್ಲಿ ಶುರುವಾದದ್ದು ಈಗ 1,200 ಹೆಕ್ಟೇರಿಗೂ ಹೆಚ್ಚಾಗಿದೆ. ನಾನು ಆ ಕಾಡಿನಲ್ಲಿ ನಡೆದಿದ್ದೇನೆ. ತಲೆಯ ಮೇಲೆ ದಟ್ಟ ಹಸಿರು, ಕಾಲ ಬಳಿ ಬೂದು ಬಣ್ಣದ ಸತ್ತ ಗೊರ್ಸ್ ಕಾಂಡಗಳು. ಮುಟ್ಟಿದರೆ ಪುಡಿಯಾಗುತ್ತವೆ.

ಇದನ್ನು ಹೇಳಿದ ಕೂಡಲೇ ಊರಿನ ಗೆಳತಿಯೊಬ್ಬಳು, ಹಾಗಾದರೆ ನಮ್ಮ ಬಳ್ಳಾರಿ ಜಾಲಿಯನ್ನೂ ಹಾಗೇ ಬಿಡೋಣ ಅಲ್ವಾ ಅಂದಳು. ಬೇಡ. ಜಾಲಿ ಗೊರ್ಸ್‌ನಂತೆ ಅಷ್ಟು ಬೇಗ ಮುದಿಯಾಗಿ ಜಾಗ ಬಿಡುವುದಿಲ್ಲ. ಅದು ತಾನೇ ಮರವಾಗಿ ನಿಲ್ಲುತ್ತದೆ. ನಮ್ಮ ಒಣನೆಲದಲ್ಲಿ ಅದನ್ನು ಮೀರಿ ನೆರಳು ಕೊಡುವ ಎತ್ತರದ ಮರವೂ ಬೇಗ ಬೆಳೆಯುವುದಿಲ್ಲ. ಬಯಲು ಬೇಕಾದ ಪ್ರಾಣಿಗಳೂ ನಮ್ಮಲ್ಲಿವೆ. ಬೀಳಗಿ, ಮುಧೋಳ ತಾಲ್ಲೂಕುಗಳ ಯಡಹಳ್ಳಿ ಚಿಂಕಾರ ವನ್ಯಧಾಮಕ್ಕೆ ಹೋಗಿ ನೋಡಿ. ಕುರುಚಲು, ಹುಲ್ಲು, ಕಲ್ಲು. ಚಿಂಕಾರ ಅನ್ನುವ ಪುಟ್ಟ ಹುಲ್ಲೆ ಬದುಕುವುದು ಅಲ್ಲಿಯೇ. ಅದನ್ನು ಬಂಜರು ಅಂದುಕೊಂಡು ಒತ್ತೊತ್ತಾಗಿ ಮರ ನೆಟ್ಟರೆ ಅದರ ಮನೆ ಕೆಡಿಸಿದಂತೆ. ಹೀಗಾಗಿ ಇಲ್ಲಿಂದ ಊರಿಗೆ ತರಬೇಕಾದದ್ದು ಗೊರ್ಸ್ ಪಾಠವಲ್ಲ, ಎಣಿಸುವ ಪಾಠ ಅಂತ ನನಗೆ ಅನಿಸುತ್ತದೆ.

ಇಲ್ಲಿಯೂ ಗಿಡ ನೆಡುವುದು ಜೂನ್‌ನಲ್ಲೇ, ಆದರೆ ಅದು ಇಲ್ಲಿ ಚಳಿಗಾಲ. ಸುತ್ತಮುತ್ತಲಿನ ಕಾಡಿನಿಂದಲೇ ಬೀಜ ಆರಿಸಿ ಸಸಿ ಮಾಡುತ್ತಾರೆ. ಸಸಿಗೆ ಮೊಲ ತಿನ್ನದಂತೆ ಸುತ್ತು ಕಟ್ಟುತ್ತಾರೆ. ಆಮೇಲೆ ಮೂರ್ನಾಲ್ಕು ವರ್ಷ ಸುತ್ತಲಿನ ಹುಲ್ಲು ಕೀಳುತ್ತಾರೆ. ಬದುಕಿದ್ದೆಷ್ಟು ಅಂತ ಪ್ರತಿ ವರ್ಷ ಬರೆಯುತ್ತಾರೆ. ನಾನು ಓದಿದ ಶಾಲೆಯಲ್ಲಿ ಪ್ರತಿ ಜೂನ್ 5ಕ್ಕೆ ಗಿಡ ನೆಟ್ಟೆವು. ನಾನು ಏಳನೆಯ ಇಯತ್ತೆಯಲ್ಲಿ ನೆಟ್ಟದ್ದು ಆರನೆಯದರಲ್ಲಿ ನೆಟ್ಟ ಅದೇ ಗುಂಡಿಯಲ್ಲಿ. ಯಾರೂ ಎಣಿಸಿರಲಿಲ್ಲ, ಹಾಗಾಗಿ ಯಾರಿಗೂ ನೋವಾಗಲಿಲ್ಲ. ಗುಂಡಿ ತೋಡಿದ ಸಿದ್ದಪ್ಪ ಕಾಕಾ ಮಾತ್ರ "ಈ ಸಲನಾದ್ರೂ ನೀರ ಹಾಕ್ರಿ" ಅನ್ನುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ನಮ್ಮ ಹೊಲದ ತುದಿಗೆ ಬಿತ್ತಲು ಬಾರದ ಒಂದಿಷ್ಟು ಮಡ್ಡಿ ಇದೆ. ಅಪ್ಪನಿಗೆ ಹಗ್ಗ ಹಿಡಿಯಲು ಹೇಳಿ ಅಲ್ಲೊಂದು 20 ಮೀಟರಿನ ಚೌಕ ಹಾಕಿದೆ. ಬಿಲ್ಲೆಗೆ ಹಳೆಯ ಎಣ್ಣೆ ಡಬ್ಬಿಯ ತಗಡು ಕತ್ತರಿಸಿದೆವು. ಕಾಂಡ ಇದ್ದದ್ದಕ್ಕೆ ತಂತಿ, ಸಣ್ಣದಕ್ಕೆ ಪಕ್ಕದಲ್ಲಿ ಕಡ್ಡಿ. ಬಳ್ಳಾರಿ ಜಾಲಿ 22 ಬುಡ. ಬಾರಿ 9. ಕವಳಿ 4. ಒಂದು ಬನ್ನಿ, ಒಂದು ಮುತ್ತಲ, ಎರಡು ಬೇವು. ಅಷ್ಟು ದಿನ ಅದನ್ನು ಖಾಲಿ ಜಾಗ ಅನ್ನುತ್ತಿದ್ದೆವು! ಜಾಲಿಯಲ್ಲಿ ಅರ್ಧ ಬುಡ ಸಮೇತ ಕಿತ್ತು, ಅರ್ಧ ಹಾಗೇ ಬಿಟ್ಟೆವು. ಎರಡು ಬದಿಯಲ್ಲೂ ಏನಾಗುತ್ತದೆ ಅಂತ ನೋಡಬೇಕು.

ಆಡಿನ ಮಾತು ಬಂತು. ಇಲ್ಲಿನ ಕಾಡು ಆಡು ಯಾರವೂ ಅಲ್ಲ, ನಮ್ಮಲ್ಲಿ ಆಡು ಅಂದರೆ ಒಂದು ಮನೆಯ ಅನ್ನ. ತಡೆ ಅನ್ನಲು ನನಗೆ ಬಾಯಿ ಬರಲಿಲ್ಲ. ಅಪ್ಪನೇ ಆಡು ಕಾಯುವ ಹುಡುಗನ ಹತ್ತಿರ ಹೋಗಿ, ಎರಡು ಮಳೆಗಾಲ ಇದೊಂದು ಮೂಲೆ ಬಿಡು, ಉಳಿದ ಬದುವಿನಲ್ಲಿ ಮೇಯಿಸಿಕೋ ಅಂದರು. ಅವನು ಒಪ್ಪಿದ. ಅವನ ಆಡು ಒಪ್ಪಬೇಕಲ್ಲ.

ಮೊನ್ನೆ ಭಾನುವಾರ ಅಪ್ಪ ಫೋನ್ ಮಾಡಿದರು. ಯಾರಿಗೆ ಹುಷಾರಿಲ್ಲವೋ ಅಂತ ಗಾಬರಿಯಾದೆ, ಅಷ್ಟು ಹೊತ್ತಿನಲ್ಲಿ ಅವರು ಮಾಡುವುದಿಲ್ಲ. "ಬರ್ಕೊ" ಅಂದರು. "ಹದಿನಾಲ್ಕನೇ ನಂಬರ್ ಬಾರಿ, ಆಡ ತಿಂದೈತಿ. ಮತ್ತ ಚಿಗತೈತಿ. ಬನ್ನಿ ಬುಡಕ ಹೊಸಾದು ಎರಡ ಅದಾವ, ಅವಕ್ಕ ಬಿಲ್ಲೆ ಇಲ್ಲ, ಯಾವ ನಂಬರ್ ಹಾಕ್ಲಿ?"

ನಲವತ್ತು, ನಲವತ್ತೊಂದು ಅಂತ ಹಾಕಿ ಅಂದೆ.