ಪೋಲೋಗೆ ಫ್ರೀ ಫ್ಲೋ ಹಾಕಿಸ್ಲಾ ಬೇಡ್ವಾ

ಹೋದ ಸಲ ಸರ್ವಿಸ್‌ಗೆ ಬಿಟ್ಟಾಗ ಗಾಡಿ ಲಿಫ್ಟ್ ಮೇಲಿತ್ತು, ನಾನು ಕೆಳಗೆ ನಿಂತು ಮೊಬೈಲ್ ಟಾರ್ಚ್ ಹಿಡ್ಕೊಂಡು ಮುಂದಿಂದ ಹಿಂದಿನವರೆಗೂ ಸೈಲೆನ್ಸರ್ ಪೈಪನ್ನೇ ನೋಡ್ತಾ ಇದ್ದೆ. ಮೆಕ್ಯಾನಿಕ್ ಅಣ್ಣ ಕೇಳಿದ್ರು, "ಏನ್ ಸಾರ್, ಲೀಕ್ ಇದ್ಯಾ?" ಅಂತ. ಲೀಕ್ ಏನೂ ಇರ್ಲಿಲ್ಲ. ಮೂರು ತಿಂಗಳಿಂದ ತಲೇಲಿ ಒಂದೇ ವಿಷಯ ಓಡ್ತಿತ್ತು, ಇದನ್ನ ತೆಗ್ಸಿ ಫ್ರೀ ಫ್ಲೋ, ಅಂದ್ರೆ ಹೊಗೆಗೆ ಅಡೆತಡೆ ಕಮ್ಮಿ ಇರೋ, ಸದ್ದು ಜೋರಾಗಿರೋ ಸೈಲೆನ್ಸರ್, ಹಾಕಿಸ್ಬೇಕಾ ಬೇಡ್ವಾ ಅಂತ, ಅದಕ್ಕೇ ನೋಡ್ತಿದ್ದೆ.

ನನ್ನದು 2020ರ ಫೋಕ್ಸ್‌ವ್ಯಾಗನ್ ಪೋಲೋ ಕಾರು, 1.0 ಟಿಎಸ್‌ಐ (ಟರ್ಬೋ ಪೆಟ್ರೋಲ್) ಮ್ಯಾನುಯಲ್. 110 ಪಿಎಸ್ ಪವರ್, 175 ಎನ್‌ಎಂ ಟಾರ್ಕ್. ಓಡ್ಸೋಕೆ ಎಷ್ಟು ಖುಷಿ ಕೊಡುತ್ತೆ ಅಂತ ಇಟ್ಕೊಂಡಿರೋರಿಗೆ ಗೊತ್ತು, ಆದ್ರೆ ಸೌಂಡ್ ಮಾತ್ರ ಸಪ್ಪೆ. ಅದಕ್ಕೆ ಕಾರಣಾನೂ ಇದೆ, ಇಂಜಿನ್ನಿಂದ ಹೊರಗ್ ಬರೋ ಹೊಗೆ ಮೊದಲು ಟರ್ಬೋ ಚಕ್ರ ತಿರುಗ್ಸುತ್ತೆ, ಆ ಕೆಲ್ಸದಲ್ಲೇ ಅದರ ಏಟು ಅರ್ಧ ತಗ್ಗಿರುತ್ತೆ, ಆಮೇಲೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್), ಆಮೇಲೆ ಕೆಲವು ಸದ್ದನ್ನ ನುಂಗೋ ರೆಸೊನೇಟರ್, ಕೊನೆಗೆ ಸದ್ದು ತಗ್ಗಿಸೋ ಮಫ್ಲರ್, ಇಷ್ಟೆಲ್ಲ ದಾಟಿ ಹಿಂದೆ ಬರೋ ಹೊತ್ತಿಗೆ ಸದ್ದು ಅನ್ನೋದು ಉಳಿದಿರೋದೇ ಕಮ್ಮಿ.

ಮೊದಲು ನಾನು ಅನ್ಕೊಂಡಿದ್ದು ಹೆಡರ್‌ನಿಂದ, ಅಂದ್ರೆ ಇಂಜಿನ್ನಿಂದ ಹೊಗೆ ಒಟ್ಟು ಸೇರ್ಸಿ ತರೋ ಮೊದಲ ಪೈಪುಗಳಿಂದ, ಶುರು ಮಾಡ್ಬೇಕು ಅಂತ, ಯಾಕಂದ್ರೆ ಹಳೇ ಗಾಡಿಗಳಲ್ಲಿ ಎಲ್ರೂ ಮಾಡ್ತಿದ್ದಿದ್ದು ಅದನ್ನೇ. ಓದ್ತಾ ಹೋದಾಗ ಗೊತ್ತಾಯ್ತು ಈ ಇಂಜಿನ್ನಲ್ಲಿ ಆ ಜಾಗದಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅಂತ ಬೇರೆ ಪಾರ್ಟೇ ಇಲ್ಲ, ಸಿಲಿಂಡರ್ ಹೆಡ್ ಒಳಗೇ ಅಚ್ಚು ಹಾಕಿಬಿಟ್ಟಿದಾರೆ, ಸುತ್ತ ಕೂಲೆಂಟ್ ಓಡುತ್ತೆ, ಟರ್ಬೋ ನೇರ ಹೆಡ್‌ಗೇ ಕೂರುತ್ತೆ. ಬೆಳಿಗ್ಗೆ ಇಂಜಿನ್ ಬೇಗ ಬಿಸಿ ಆಗೋದಕ್ಕೂ ಅದು ಸಹಾಯ ಮಾಡುತ್ತೆ. ಅಲ್ಲಿಗೆ ಹೆಡರ್ ಕಥೆ ಮುಗೀತು. ಉಳಿದಿದ್ದು ಎರಡೇ, ಟರ್ಬೋ ಹಿಂದಿನ ಡೌನ್‌ಪೈಪ್, ಇಲ್ಲಾಂದ್ರೆ ಕ್ಯಾಟ್ ಆದ್ಮೇಲಿನ ಪೈಪ್ ಮತ್ತೆ ಮಫ್ಲರ್, ಅದನ್ನ ಕ್ಯಾಟ್‌ಬ್ಯಾಕ್ ಅಂತಾರೆ.

ಟರ್ಬೋ ಗಾಡೀಲಿ ನಿಜವಾದ ಪವರ್ ಸಿಗೋದು ಡೌನ್‌ಪೈಪಲ್ಲಿ. ಟರ್ಬೈನ್ ಮುಂದಿನ ಒತ್ತಡಕ್ಕೂ ಹಿಂದಿನ ಒತ್ತಡಕ್ಕೂ ವ್ಯತ್ಯಾಸ ಜಾಸ್ತಿ ಆದಷ್ಟೂ ಅದು ಬೇಗ ತಿರುಗುತ್ತೆ, ಹಿಂದೆ ದಾರಿ ಬಿಟ್ರೆ ಬೂಸ್ಟ್ (ಟರ್ಬೋ ಇಂಜಿನ್ ಒಳಗೆ ತಳ್ಳೋ ಗಾಳಿಯ ಒತ್ತಡ) ಬೇಗ ಬರುತ್ತೆ. ಆದ್ರೆ ಆ ದಾರೀಲಿ ಅಡ್ಡ ಇರೋದೇ ಕ್ಯಾಟ್. ಅಂಗಡಿಯವರು ಸಲೀಸಾಗಿ ಹೇಳಿದ್ರು, "ಕ್ಯಾಟ್ ತೆಗೀರಿ ಸಾರ್, ಚೆಕ್ ಇಂಜಿನ್ ಲೈಟ್ ಬಂದ್ರೆ ಸಾಫ್ಟ್‌ವೇರಲ್ಲಿ ಆಫ್ ಮಾಡ್ಕೊಡ್ತೀವಿ" ಅಂತ. ಕ್ಯಾಟ್‌ಗೆ ಮುಂದೊಂದು ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತೆ, ಹಿಂದಿನದು ಕ್ಯಾಟ್ ಕೆಲಸ ಮಾಡ್ತಿದ್ಯಾ ಅಂತ ನೋಡ್ಕೊಳ್ಳೋಕೇ ಇರೋದು, ಕ್ಯಾಟ್ ಇಲ್ದಿದ್ರೆ P0420 ಕೋಡ್ ಬರುತ್ತೆ. ಇವರು ಹೇಳ್ತಿರೋದು ಆ ಕಾವಲುಗಾರನ ಬಾಯಿ ಕಟ್ತೀವಿ ಅಂತ. ನನಗೆ ಅದು ಒಗ್ಗಲಿಲ್ಲ. ಆ ಡಬ್ಬಿ ಒಳಗೆ ಪ್ಲಾಟಿನಮ್, ಪಲ್ಲಾಡಿಯಂ, ರೋಡಿಯಂ ಲೇಪನ ಇದೆ, ಕಾರ್ಬನ್ ಮಾನಾಕ್ಸೈಡು, ಸುಡದೇ ಉಳಿದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡು ಇವುಗಳನ್ನೆಲ್ಲ ಅಷ್ಟು ಕೆಡುಕಲ್ಲದ ಗಾಳಿ ಮಾಡಿ ಬಿಡುತ್ತೆ. ನನ್ನ ಮಗಳು ಗೇಟ್ ಹತ್ರ ಸ್ಕೂಲ್ ವ್ಯಾನ್ ಕಾಯ್ಕೊಂಡು ನಿಂತಿರೋವಾಗ ನಾನು ಗಾಡಿ ರಿವರ್ಸ್ ತೆಗೀತೀನಿ, ಅವಳ ಎತ್ತರ ನನ್ನ ಬಂಪರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಡೌನ್‌ಪೈಪ್ ಬೇಡ ಅಂತ ಅವತ್ತೇ ತೀರ್ಮಾನ ಮಾಡ್ದೆ, ಅದ್ರಲ್ಲಿ ಯೋಚ್ನೆ ಮಾಡೋಕೆ ಏನೂ ಇರ್ಲಿಲ್ಲ.

ಕ್ಯಾಟ್‌ಬ್ಯಾಕ್ ವಿಷಯ ಮಾತ್ರ ಬಿಡ್ಲಿಲ್ಲ. ನನಗೆ ಹೇಳಿದ ರೇಟು ಫಿಟ್ಟಿಂಗ್ ಸೇರಿ 42 ಸಾವಿರ, 304 ಗ್ರೇಡ್ ಸ್ಟೀಲ್. ಕಂಪನಿ ಪೈಪ್‌ಗಳು ಸಾಮಾನ್ಯವಾಗಿ 409 ಗ್ರೇಡು, ಅದು ಹೊರಗಡೆ ಕಂದು ಬಣ್ಣಕ್ಕೆ ತಿರುಗುತ್ತೆ, ನೋಡಿದ ತಕ್ಷಣ ತುಕ್ಕು ಹಿಡ್ದು ಹೋಯ್ತು ಅಂತ ಗಾಬರಿ ಆಗುತ್ತೆ, ಆದ್ರೆ ಬಹುಪಾಲು ಅದು ಮೇಲ್ಮೇಲಿನ ತುಕ್ಕು ಅಷ್ಟೇ. ಒಳಗಿಂದ ಹಾಳಾಗೋದು ನೀರಿಂದ. ಒಂದು ಲೀಟರ್ ಪೆಟ್ರೋಲ್ ಸುಟ್ರೆ ಹೆಚ್ಚೂಕಮ್ಮಿ ಒಂದು ಲೀಟರ್ ನೀರೇ ಹುಟ್ಟುತ್ತೆ, ಆವಿಯಾಗಿ. ದಿನಾ ಎರಡು ಕಿಲೋಮೀಟರ್ ತರಕಾರಿ ತರೋಕೆ ಅಂತ ಓಡ್ಸಿ ನಿಲ್ಸಿದ್ರೆ ಮಫ್ಲರ್ ಬಿಸಿನೇ ಆಗಲ್ಲ, ಆ ನೀರು ಅಲ್ಲೇ ಕೂತು ಕೊರೆಯುತ್ತೆ. ಅಪ್ಪ ಬೆಳಿಗ್ಗೆ ಪೈಪಿಂದ ನೀರು ತೊಟ್ಟಿಕ್ಕೋದು ನೋಡಿ "ಇದೇನೋ ಗಾಡಿ ಸೋರ್ತಿದೆ" ಅಂತಿದ್ರು, ಅದು ಸೋರಿಕೆ ಅಲ್ಲ, ಅದು ಹೊರಗ್ ಬರ್ತಿದ್ಯಲ್ಲ ಅಂತ ಖುಷಿ ಪಡ್ಬೇಕು. ಲಿಫ್ಟ್ ಮೇಲೆ ನೋಡಿದಾಗ ನನ್ನ ಮಫ್ಲರ್ ಗಟ್ಟಿಯಾಗೇ ಇತ್ತು, ಅಂದ್ರೆ ಬದಲಾಯಿಸ್ಲೇಬೇಕು ಅನ್ನೋ ನೆಪ ಇರ್ಲಿಲ್ಲ.

ಅಷ್ಟೊತ್ತಿಗೆ ಒಬ್ಬ ಗೆಳೆಯ ಹೇಳ್ದ, ಸುಮ್ನೆ ಯೋಚ್ನೆ ಮಾಡ್ಬೇಡ, ನನ್ನ ಗಾಡಿ ಒಂದು ವೀಕೆಂಡ್ ಇಟ್ಕೋ ಅಂತ. ಅವನದ್ದೂ ಇದೇ ಪೋಲೋ, ಇದೇ ಇಂಜಿನ್, ರೆಸೊನೇಟರ್ ತೆಗ್ಸಿ ಕ್ಯಾಟ್‌ಬ್ಯಾಕ್ ಹಾಕ್ಸಿದಾನೆ. ಗಾಡಿ ಬದಲಾಯಿಸ್ಕೊಂಡು ಮೈಸೂರಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಮೇಲೆ ಮಡಿಕೇರಿಗೆ ಹೋದ್ವಿ, ಅಮ್ಮ, ಹೆಂಡ್ತಿ, ಮಗಳು ಎಲ್ರೂ ಇದ್ರು.

ಸತ್ಯ ಹೇಳ್ತೀನಿ, ಮೊದಲ ಹತ್ತು ನಿಮಿಷ ನನಗೆ ಮೈ ಜುಂ ಅಂತು. ಸೆಕೆಂಡ್ ಗೇರಲ್ಲಿ ಒತ್ತಿದ್ರೆ ಆ ಮೂರು ಸಿಲಿಂಡರ್ ಕರಕರ ಅಂತ ಏರೋ ಸದ್ದು, ಕಾಲು ಎತ್ತಿದ್ರೆ ಹಿಂದೆ ಪಟ್ ಪಟ್ ಅನ್ನೋದು, ಇದೇ ಬೇಕಿತ್ತು ನನಗೆ ಅನ್ಸ್ತು. ಹುಣಸೂರು ದಾಟಿ ಟಾಪ್ ಗೇರಿಗೆ ಹಾಕಿ ಒಂದೇ ಸ್ಪೀಡಲ್ಲಿ ಹೋಗೋಕೆ ಶುರು ಮಾಡಿದ್ಮೇಲೆ ಬೇರೆ ಕಥೆ. ಕಿವೀಲಿ ನೀರು ತುಂಬ್ಕೊಂಡ ಹಾಗೆ ಒಂದೇ ಸಮ ಗುಂಯ್ ಅನ್ನೋ ಸದ್ದು, ಡ್ರೋನ್ ಅಂತಾರಲ್ಲ ಅದು. ಆಮೇಲೆ ಲೆಕ್ಕ ಹಾಕ್ದೆ, ಮೂರು ಸಿಲಿಂಡರ್ ಇಂಜಿನ್ ಎರಡು ಸುತ್ತಿಗೆ ಮೂರು ಸಲ ಉರಿಯುತ್ತೆ, ಅಂದ್ರೆ 2000 ಆರ್‌ಪಿಎಂನಲ್ಲಿ ಸೆಕೆಂಡಿಗೆ 50 ಸಲ, 2400ರಲ್ಲಿ 60 ಸಲ. ಆ ತಗ್ಗು ಸದ್ದಿಗೆ ಕಾರಿನ ಒಳಗಡೆ ಇಡೀ ಡಬ್ಬಿನೇ ತಮಟೆ ಥರ ಅದುರುತ್ತೆ, ಹೈವೇಲಿ ನಾವು ಇರೋದೂ ಅದೇ ಆರ್‌ಪಿಎಂನಲ್ಲಿ. ತೆಗೆದು ಬಿಸಾಕಿದ ರೆಸೊನೇಟರ್ ಇದ್ದಿದ್ದೇ ಈ ಸದ್ದನ್ನ ನುಂಗೋಕೆ. ಪಿರಿಯಾಪಟ್ಟಣದಲ್ಲಿ ಕಾಫಿಗೆ ನಿಲ್ಸಿದಾಗ ಅಮ್ಮ ಹಣೆ ಒತ್ಕೊಂಡು ಇಳಿದ್ರು. "ಗಾಡಿ ಚೆನ್ನಾಗಿದೆ ಕಣಪ್ಪ, ಆದ್ರೆ ಮಾತಾಡೋಕೇ ಆಗ್ಲಿಲ್ಲ" ಅಂದ್ರು. ಮಡಿಕೇರಿ ದಾರೀಲಿ ಅಮ್ಮ ಯಾವಾಗ್ಲೂ ತಮ್ಮ ಚಿಕ್ಕಂದಿನ ಕಥೆ ಹೇಳ್ತಾರೆ, ಮಗಳು ಕೇಳಿದ್ದೇ ಮತ್ತೆ ಕೇಳ್ತಾಳೆ. ಅವತ್ತು ಕಥೆ ಆಗ್ಲಿಲ್ಲ. ಇಬ್ರಲ್ಲಿ ಯಾರೂ ನಿದ್ದೆನೂ ಮಾಡ್ಲಿಲ್ಲ.

ಪವರ್ ವ್ಯತ್ಯಾಸ? ರೀಮ್ಯಾಪ್ (ಇಂಜಿನ್ ಸಾಫ್ಟ್‌ವೇರ್ ಬದಲಾವಣೆ) ಮಾಡ್ಸದ ಗಾಡಿ ಅದು, ನನ್ನ ಕಾಲಿಗಂತೂ ಏನೂ ಗೊತ್ತಾಗ್ಲಿಲ್ಲ. ಸದ್ದು ಜಾಸ್ತಿ ಆದ್ರೆ ಸ್ಪೀಡೂ ಜಾಸ್ತಿ ಆಯ್ತು ಅನ್ಸುತ್ತೆ, ಮೀಟರ್ ನೋಡಿದ್ರೆ ಅದೇ.

ಕಾನೂನಿನ ಮಾತು ಬೇಗ ಹೇಳ್ಬಿಡ್ತೀನಿ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಸ್ಪೆಸಿಫಿಕೇಶನ್‌ಗೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ಜನವರೀಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು. ಜೋರು ಸದ್ದಿನ ಬೈಕ್ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸಿದ ಫೋಟೋ ಪೇಪರಲ್ಲಿ ಎಲ್ರೂ ನೋಡಿದೀವಿ. ಇನ್ಶೂರೆನ್ಸ್‌ನವರಿಗೆ ಹೇಳ್ದೆ ಏನಾದ್ರೂ ಹಾಕ್ಸಿದ್ರೆ ನಾಳೆ ಕ್ಲೇಮ್ ಟೈಮಲ್ಲಿ ಅದೇ ತಕರಾರು ಆಗ್ಬಹುದು. ಆದ್ರೂ ನನ್ನನ್ನ ನಿಲ್ಸಿದ್ದು ದಂಡದ ಭಯ ಅಲ್ಲ. ನಾನು ಆಫೀಸಿಗೆ ಹೊರಡೋದು ಬೆಳಿಗ್ಗೆ ಐದೂವರೆಗೆ, ನಮ್ಮ ಬೀದೀಲಿ ಎದುರುಮನೆ ಮೇಷ್ಟ್ರಿಗೆ ಹಾರ್ಟ್ ಆಪರೇಷನ್ ಆಗಿ ಇನ್ನೂ ಸುಧಾರಿಸ್ಕೊಳ್ತಾ ಇದಾರೆ, ಕೋಲ್ಡ್ ಸ್ಟಾರ್ಟಲ್ಲಿ ಗೆಳೆಯನ ಗಾಡಿ ಹೇಗೆ ಗರ್ಜಿಸ್ತಿತ್ತು ಅಂತ ಆ ಎರಡು ಬೆಳಿಗ್ಗೆ ನಾನೇ ಕೇಳಿದೀನಿ. ಭಾನುವಾರ ನಮ್ಮ ಬೀದೀಲಿ ಅದನ್ನ ಸ್ಟಾರ್ಟ್ ಮಾಡೋಕೆ ಮನಸ್ಸು ಬರ್ದೆ ನಾನೂ ಗೆಳೆಯನೂ ಮೇನ್ ರೋಡ್ ತನಕ ತಳ್ಕೊಂಡು ಹೋದ್ವಿ.

ಸೋಮವಾರ ಅಂಗಡಿಗೆ ಫೋನ್ ಮಾಡಿ ಬೇಡ ಅಂದೆ. ಸರ್ವಿಸಲ್ಲಿ ಸಡಿಲ ಆಗಿದ್ದ, ಸೈಲೆನ್ಸರ್ ತೂಗಿ ಹಿಡಿಯೋ ಎರಡು ಹ್ಯಾಂಗರ್ ರಬ್ಬರ್ ಮಾತ್ರ ಹೊಸದು ಹಾಕ್ಸ್ದೆ, ಹಳ್ಳ ಹಾರಿದಾಗ ಬರ್ತಿದ್ದ ಟಕ್ ಟಕ್ ಹೋಯ್ತು. ಎತ್ತಿಟ್ಟಿದ್ದ ದುಡ್ಡಲ್ಲಿ ನಾಲ್ಕು ಒಳ್ಳೆ ಟೈರ್ ಬರುತ್ತೆ, ಉಳಿದಿದ್ರಲ್ಲಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕಲ್ಲಿ ಒಂದು ದಿನ ಓಡ್ಸ್ಬೇಕು ಅಂತ ಇದೆ. ಆ ಸೌಂಡ್ ಇನ್ನೂ ಇಷ್ಟಾನೇ, ಅದ್ರಲ್ಲಿ ಬದಲಾವಣೆ ಇಲ್ಲ. ಟ್ರ್ಯಾಕಿಗೆ ಗೆಳೆಯನೂ ಬರ್ತೀನಿ ಅಂದಿದಾನೆ, ಅಲ್ಲಿ ಅವನ ಗಾಡಿ ಹಿಂದೆ ಕಿಟಕಿ ಇಳಿಸ್ಕೊಂಡು ಕೇಳ್ತೀನಿ.