ಬೀಗ, ಬೀಗರು ಮತ್ತು 16 ಕ್ಲಿಕ್ಕು

ಆಯ್ತು, ಕೊನೆಗೂ ಫಿಲ್ಮಿನ ಮೇಲೆ ಕಾಲುವೆಯ ಗೋಡೆ ಕಾಣಿಸಿತು.

ನಾಲ್ಕು ತಿಂಗಳಲ್ಲಿ ಹನ್ನೊಂದು ರೋಲು ಹಾಳು ಮಾಡಿದ್ದೇನೆ. ಇನ್ನು ಈ ಸಹವಾಸವೇ ಬೇಡ ಅಂತ ಮನೆಯವಳ ಮುಂದೆ ಮೂರು ಸಲ ಆಣೆ ಇಟ್ಟಿದ್ದೇನೆ. ನಿನ್ನೆ ರಾತ್ರಿ ಬಚ್ಚಲುಮನೆಯ ಹಗ್ಗಕ್ಕೆ ನೆಗೆಟಿವ್ ನೇತುಹಾಕಿ ಬಲ್ಬಿನ ಬೆಳಕಲ್ಲಿ ನೋಡಿದರೆ, ಇಷ್ಟು ದಿನ ಗಾಜಿನ ಹಾಗೆ ಖಾಲಿ ಇರುತ್ತಿದ್ದ ಜಾಗದಲ್ಲಿ ಕಲ್ಲಿನ ವರಸೆ, ಸಂದಿಯ ಪಾಚಿ, ಅದರ ಮೇಲೆ ಅಡ್ಡಡ್ಡ ಗೆರೆಗಳು. ಏಳನೇ ಫ್ರೇಮು. ಉಳಿದ ಹನ್ನೊಂದು ಫ್ರೇಮಿನ ಬಗ್ಗೆ ದಯವಿಟ್ಟು ಕೇಳಬೇಡಿ.

ಹಿಂದಿನ ಕಂತು ಓದದವರಿಗೆ: ಕಾಲುವೆಯಲ್ಲಿ ದೋಣಿ ಹತ್ತಿಸಿ ಇಳಿಸುವ ಕಲ್ಲಿನ ಕೋಣೆಗೂ ಇಂಗ್ಲಿಷಿನವರು ಲಾಕ್ ಅಂತಾರೆ, ಬಾಗಿಲಿಗೆ ಜಡಿಯೋದಕ್ಕೂ ಲಾಕ್ ಅಂತಾರೆ. ಒಂದೇ ಹೆಸರು ಹೊತ್ತ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಸರಣಿ ಮಾಡೋಣ ಅಂತ ಹೊರಟವನು ನಾನು. ಕನ್ನಡದಲ್ಲಿ ಈ ಶ್ಲೇಷೆ ನಡೆಯೋದಿಲ್ಲ. ಆದರೆ ನಮ್ಮಲ್ಲಿ ಇದರಪ್ಪನಂಥದ್ದು ಇದೆ, ಬೀಗ ಮತ್ತು ಬೀಗರು. ವಸಂತದಲ್ಲಿ ಪ್ಯಾರಿಸ್‌ಗೆ ಹೋಗಿದ್ದಾಗ ಒಂದು ಹುಡುಗ-ಹುಡುಗಿ ಕಂಬಿಗೆ ಬೀಗ ಜಡಿದು ಕೀಲಿಕೈಯನ್ನು ಸೇನ್ ನದಿಗೆ ಎಸೆದು ಮುತ್ತಿಟ್ಟುಕೊಂಡರು. ನಮ್ಮನೆಯವಳು, "ಬೀಗ ಹಾಕೋದು ಸುಲಭ ಕಣಮ್ಮ, ಬೀಗರನ್ನ ನಿಭಾಯಿಸು ನೋಡೋಣ" ಅಂದಳು. ನಮ್ಮಮ್ಮ ಪಕ್ಕದಲ್ಲೇ ಇದ್ದರು. ಆ ಸಂಜೆಯ ಬಗ್ಗೆ ಹೆಚ್ಚು ಬರೆಯೋದಿಲ್ಲ.

ಪ್ಯಾರಿಸ್ ರೋಲುಗಳಿಂದ ಉಳಿದದ್ದು ಒಂದೇ ಫ್ರೇಮು. ಪ್ರೇಮಿಗಳು ಬೀಗ ಜಡಿಯುತ್ತಿದ್ದ ಪಾಂ ದೇಜಾರ್ ಸೇತುವೆಯಲ್ಲಿ ಈಗ ಜಾಲರಿಯೇ ಇಲ್ಲ. 2014ರ ಜೂನ್‌ನಲ್ಲಿ ಬೀಗಗಳ ಭಾರಕ್ಕೆ ಕಟಕಟೆಯ ಒಂದು ಭಾಗ ಕುಸಿದುಬಿತ್ತು, ಮರುವರ್ಷ ಜೂನ್ 1ರಿಂದ ನಗರಸಭೆಯವರು ಎಲ್ಲವನ್ನೂ ಕಿತ್ತರು. ಸುಮಾರು 45 ಟನ್ನು ಪ್ರೇಮ! ಈಗ ಅಲ್ಲಿರೋದು ಗಾಜು, ಗಾಜಿಗೆ ಬೀಗ ಹಾಕೋದು ಹೇಗೆ? ಸುತ್ತಮುತ್ತ ಸಿಕ್ಕ ಕಂಬಿ, ಸರಪಳಿಗಳ ಮೇಲೆ ಅವು ಇನ್ನೂ ನೇತಾಡುತ್ತಿವೆ. ತೊಂದರೆ ಏನೆಂದರೆ ಹಿತ್ತಾಳೆ ಬೀಗ, ಹಿಂದೆ ಮಸುಕಾದ ನದಿ, ಈ ಚಿತ್ರ ಎಲ್ಲರ ಫೋನಿನಲ್ಲೂ ಇದೆ. ನಾನೂ ಎರಡು ರೋಲು ಅದನ್ನೇ ತೆಗೆದೆ. ಉಳಿಸಿಕೊಂಡದ್ದು ತುಕ್ಕು ಹಿಡಿದ ಒಂದು ಸಣ್ಣ ಕಬ್ಬಿಣದ ಬೀಗವನ್ನು. ಮಾರ್ಕರ್ ಪೆನ್ನಿನಲ್ಲಿ ಬರೆದ ಎರಡೂ ಹೆಸರು ಬಿಸಿಲಿಗೆ ಹೋಗಿವೆ, ನಡುವೆ ಮೊಳೆಯಲ್ಲಿ ಕೆತ್ತಿದ ಕೂಡಿಸುವ ಚಿಹ್ನೆ ಮಾತ್ರ ಹಾಗೇ ಇದೆ. ಯಾರ ಜೊತೆ ಯಾರನ್ನು ಕೂಡಿಸಿದರೋ.

ಇನ್ನೊಂದು ಲಾಕಿನ ಕಥೆಯೇ ಈ ಕಂತು.

ಇಂಗ್ಲೆಂಡಿನ ಬಿಂಗ್ಲಿ ಊರಿನ ಫೈವ್ ರೈಸ್ ಲಾಕು ನಮ್ಮ ಮನೆಯಿಂದ ಅರ್ಧ ಗಂಟೆ. ಲೀಡ್ಸ್–ಲಿವರ್‌ಪೂಲ್ ಕಾಲುವೆ ಇಲ್ಲಿ ಒಂದರ ತಲೆಗೊಂದು ಅಂಟಿಕೊಂಡ ಐದು ಕೋಣೆಗಳಲ್ಲಿ 59 ಅಡಿ 2 ಅಂಗುಲ ಮೇಲೇರುತ್ತದೆ. ಮೇಲಿನ ಕೋಣೆಯ ಕೆಳಬಾಗಿಲೇ ಕೆಳಗಿನ ಕೋಣೆಯ ಮೇಲ್ಬಾಗಿಲು, ನಡುವೆ ಉಸಿರಾಡಲು ಜಾಗವಿಲ್ಲ. ಜಾನ್ ಲಾಂಗ್‌ಬಾಟಮ್ ಎಂಬ ಎಂಜಿನಿಯರ್ ಕಟ್ಟಿಸಿದ್ದು, ದೋಣಿಗಳಿಗೆ ತೆರೆದದ್ದು 1774ರ ಮಾರ್ಚ್ 21ರಂದು. ದೋಣಿ ಹತ್ತಬೇಕಾದರೆ ಮೊದಲು ಕೆಳಗಿನ ಕೋಣೆ ಖಾಲಿ ಇರಬೇಕು, ಮೇಲಿನ ನಾಲ್ಕೂ ತುಂಬಿರಬೇಕು. ತೂಬು ಎತ್ತಿದರೆ ಮೇಲಿನ ನೀರು ಕೆಳಕ್ಕಿಳಿದು ದೋಣಿಯನ್ನು ಎತ್ತುತ್ತದೆ. ಲೆಕ್ಕ ತಪ್ಪಿದರೆ ನೀರೆಲ್ಲ ದಡ ಹತ್ತಿ ಹರಿಯುತ್ತದೆ, ಅದಕ್ಕೇ ಇಲ್ಲಿ ಕೀಪರ್ ಇರುತ್ತಾರೆ. ಕೀಪರ್ ಅಂದರೆ ನಮ್ಮ ನೀರಗಂಟಿಯೇ. ವಿಶ್ವೇಶ್ವರಯ್ಯ ನಾಲೆಯ ಮೇಲೆ ಅಪ್ಪ ಮೂವತ್ತು ವರ್ಷ ಮಾಡಿದ ಕೆಲಸ.

ನನಗೆ ಬೇಕಾಗಿದ್ದದ್ದು ಇಷ್ಟೆ: ಒಂದು ಕೋಣೆ ತಳದಿಂದ ಅಂಚಿನವರೆಗೆ ತುಂಬುವುದು ಒಂದೇ ಫ್ರೇಮಿನಲ್ಲಿ ಬರಬೇಕು. ವಿಡಿಯೊ ಮಾಡಬಹುದಲ್ಲ ಅನ್ನುವವರು ದಯವಿಟ್ಟು ಇಲ್ಲೇ ಇಳಿದುಕೊಳ್ಳಿ.

ಮೊದಲ ಉಪಾಯ ಎಲ್ಲರಿಗೂ ಹೊಳೆಯುವಂಥದ್ದು. ಬೆಳಕಿನ ಮೀಟರ್ ಹಿಡಿದರೆ ಎಫ್ 22ಕ್ಕೆ, ಅಂದರೆ ಲೆನ್ಸಿನ ಕಿಂಡಿ ತೀರ ಕಿರಿದು ಮಾಡಿದರೆ, ಅರ್ಧ ಸೆಕೆಂಡು. ಆರು ಸ್ಟಾಪಿನ ಎನ್‌ಡಿ, ಅಂದರೆ ಬೆಳಕನ್ನು ಆರು ಸಲ ಅರ್ಧರ್ಧ ಮಾಡುವ ಕಪ್ಪು ಗಾಜು, ಹಾಕಿದರೆ 32 ಸೆಕೆಂಡು. ಕ್ಯಾಮೆರಾದಲ್ಲಿದ್ದದ್ದು ಫೋಮಾಪ್ಯಾನ್ 100 ಫಿಲ್ಮು. ಮಂಕು ಬೆಳಕಿನಲ್ಲಿ ಫಿಲ್ಮು ಮಂದವಾಗುತ್ತದೆ, ಅದಕ್ಕೆ ಹೆಚ್ಚು ಹೊತ್ತು ಕೊಡಬೇಕು, ಆ ಲೆಕ್ಕವೇ ರೆಸಿಪ್ರಾಸಿಟಿ. ಇದರದ್ದು 1 ಸೆಕೆಂಡಿಗೆ ಎರಡರಷ್ಟು, 10ಕ್ಕೆ ಎಂಟರಷ್ಟು, 100ಕ್ಕೆ ಹದಿನಾರರಷ್ಟು. ಕಿಂಡಿಯನ್ನು ಎಫ್ 22 ಮತ್ತು 16ರ ನಡುವೆ ಇಟ್ಟರೆ ಸುಮಾರು ನಾಲ್ಕು ನಿಮಿಷ. ಕೋಣೆ ತುಂಬೋದಕ್ಕೂ ನಾಲ್ಕೇ ನಿಮಿಷ! ದೇವರೇ ಜಾತಕ ಕೂಡಿಸಿದ್ದಾನೆ ಅಂದುಕೊಂಡೆ.

ಬಂದದ್ದು ಇದ್ದಿಲು ಮತ್ತು ಸುಣ್ಣ. ಬಾಗಿಲ ಸಂದಿಯಿಂದ ಚಿಮ್ಮುವ ನೀರು ಬೆಳ್ಳಗೆ ಉರಿದುಹೋಗಿದೆ, ಒದ್ದೆ ಗೋಡೆ ಇದೆಯೋ ಇಲ್ಲವೋ ತಿಳಿಯದು. ಲೆಕ್ಕ ಹಾಕಿದ್ದು ಕಪ್ಪಿಗೂ ಬಿಳಿಗೂ ನಡುವಿನ ನಡುಬಣ್ಣಕ್ಕೆ. ಅದಕ್ಕಿಂತ ಮೂರು ಸ್ಟಾಪು ಕೆಳಗಿರುವ ನೆರಳಿಗೆ ಫಿಲ್ಮು ಇನ್ನೂ ಮಂದವಾಗುತ್ತದೆ, ಹಸಿದವನಿಗೇ ಊಟ ಕಮ್ಮಿ. ಡೆವಲಪಿಂಗ್ ಕಮ್ಮಿ ಮಾಡಿದೆ, ಸುಣ್ಣ ಬೂದಿಯಾಯಿತು, ಇದ್ದಿಲು ಇದ್ದಿಲಾಗೇ ಉಳಿಯಿತು. ರೆಸಿಪ್ರಾಸಿಟಿ ಚೆನ್ನಾಗಿರುವ ಇನ್ನೊಂದು ಫಿಲ್ಮು ತರಿಸೋಣ ಅಂದರೆ ಆ ಅಂಗಡಿಯವನ ಪುರಾಣವೇ ಬೇರೆ. "ಸ್ಟಾಕಿದೆ" ಅಂತ ದುಡ್ಡು ಹಿಡಿದ, ಮೂರು ವಾರ ಸುಮ್ಮನಿದ್ದ, ಆಮೇಲೆ ಅವಧಿ ಮುಗಿದ ಎರಡು ರೋಲು ಕಳಿಸಿ ಜೊತೆಗೊಂದು ಸ್ಟಿಕ್ಕರ್ ಇಟ್ಟಿದ್ದ. ಸ್ಟಿಕ್ಕರ್ ಚೆನ್ನಾಗಿದೆ, ಮಗಳು ಫ್ರಿಜ್ಜಿಗೆ ಅಂಟಿಸಿದ್ದಾಳೆ.

ಉತ್ತರ ಹೊಳೆದದ್ದು ಪಾತ್ರೆ ತೊಳೆಯುವಾಗ. ಹನಿ ಹನಿ ಗೂಡಿದರೆ ಹಳ್ಳ. ಬೆಳಕನ್ನು ಮಂಕು ಮಾಡಿ ನಾಲ್ಕು ನಿಮಿಷ ಎಳೆಯೋದು ಯಾಕೆ? ಎನ್‌ಡಿ ಕಿತ್ತುಹಾಕಿ, ಆ ಅರ್ಧ ಸೆಕೆಂಡನ್ನೇ 16 ತುಂಡು ಮಾಡಿ, 1/30 ಸೆಕೆಂಡಿನಂತೆ, ಒಂದೇ ಫ್ರೇಮಿನ ಮೇಲೆ 15 ಸೆಕೆಂಡಿಗೊಂದು ಕ್ಲಿಕ್ ಹೊಡೆದರೆ? ಫಿಲ್ಮನ್ನು ಕೆಡಿಸೋದು ಗಡಿಯಾರ ಅಲ್ಲ, ಬೆಳಕಿನ ಬಡತನ. ಪ್ರತಿ ಕ್ಲಿಕ್ಕಿನಲ್ಲೂ ಬೆಳಕು ಪೂರ್ತಿ ಬರುತ್ತದೆ, ಒಟ್ಟು ಅರ್ಧ ಸೆಕೆಂಡೇ ಆಗುವುದರಿಂದ ತಿದ್ದುಪಡಿಯೇ ಬೇಕಿಲ್ಲ. ನನ್ನ ಮಾಮಿಯಾ ಸಿ220 ಕ್ಯಾಮೆರಾದಲ್ಲಿ ಹೀಗೆ ಒಂದರ ಮೇಲೊಂದು ತೆಗೆಯುವ ಮಲ್ಟಿಪಲ್ ಎಕ್ಸ್‌ಪೋಶರ್‌ಗೆ ಅವಕಾಶ ಇದ್ದೇ ಇದೆ. ಶಟರನ್ನು ಮುಂದಿನ ಕ್ಲಿಕ್ಕಿಗೆ ಸಿದ್ಧ ಮಾಡೋದು ಲೆನ್ಸಿನ ಪಕ್ಕದ ಲಿವರಿನಿಂದ, ಫಿಲ್ಮು ಅಲ್ಲಾಡೋದೇ ಇಲ್ಲ.

ಫಿಲ್ಮು ಅಲ್ಲಾಡಲಿಲ್ಲ, ಸರಿ. ಕ್ಯಾಮೆರಾ ಅಲ್ಲಾಡಿತು.

ಇಲ್ಲಿಂದ ಮುಂದಿನ ಐದು ರೋಲು ಶುದ್ಧ ಹುಚ್ಚು. ಗೋಡೆ ಬಂತು, ಆದರೆ ಕಣ್ಣಿಗೆ ಎಣ್ಣೆ ಬಿದ್ದವನಿಗೆ ಕಂಡ ಹಾಗೆ. ಟ್ರೈಪಾಡ್ ಬೈದೆ. ನಡುಗಂಬ ಇಳಿಸಿದೆ. 10 ಕೆಜಿ ಸೋನಾ ಮಸೂರಿ ಚೀಲವನ್ನು ಹೊತ್ತುಕೊಂಡು ಹೋಗಿ ಅಡಿಯಲ್ಲಿ ಕಟ್ಟಿದೆ. ನಾಯಿ ಹಿಡಿದು ಬಂದ ಒಬ್ಬ ಅಜ್ಜಿ, ಬಾತುಕೋಳಿಗಳಿಗೆ ಅಕ್ಕಿ ತಂದಿದ್ದೀಯಾ ಅಂತ ಕೇಳಿದರು. ಕ್ಯಾಮೆರಾ ಮುಟ್ಟದೆ ಕ್ಲಿಕ್ ಹೊಡೆಯುವ ತಂತಿ, ಹೊಸ ಕೇಬಲ್ ರಿಲೀಸ್ ತರಿಸಿದೆ, ಅದು ಎರಡನೇ ದಿನವೇ ಒಳಗೆ ಮುರಿದು ಕ್ಯಾಮೆರಾದ ಹೊಟ್ಟೆಯಲ್ಲಿ ಉಳಿದುಕೊಂಡಿತು. ಮಾರಿದವನು "ನೀವು ಜೋರಾಗಿ ಒತ್ತಿದ್ದೀರಿ" ಅಂತ ಉತ್ತರ ಬರೆದ. ನಾನು ಒತ್ತಿದ್ದು ಹೆಬ್ಬೆರಳಿನಲ್ಲಿ ಸ್ವಾಮಿ, ಒನಕೆಯಲ್ಲಲ್ಲ.

ಕೊನೆಗೆ ಬೈಯೋದು ಬಿಟ್ಟು ಭೂತಗನ್ನಡಿ ಹಿಡಿದು ನೆಗೆಟಿವ್ ನೋಡಿದೆ. ಬಾಗಿಲ ಹಲಗೆಗಳ ನೆಟ್ಟನೆಯ ಅಂಚುಗಳೆಲ್ಲ ಬ್ಲೇಡಿನ ಹಾಗೆ ಚೂಪು. ಕಲ್ಲಿನ ಅಡ್ಡ ಸಂದಿಗಳು ಮಾತ್ರ ಒಂದಿದ್ದದ್ದು ನಾಲ್ಕು. ಅಂದರೆ ಕ್ಯಾಮೆರಾ ಪಕ್ಕಕ್ಕೆ ಓಡುತ್ತಿಲ್ಲ, ಮೂತಿ ತಗ್ಗಿಸುತ್ತಿದೆ. ಬಿಚ್ಚಿ ನೋಡಿದರೆ ಕ್ಯಾಮೆರಾವನ್ನು ಟ್ರೈಪಾಡಿಗೆ ಸಿಕ್ಕಿಸುವ ಕ್ವಿಕ್ ರಿಲೀಸ್ ಪ್ಲೇಟಿನ ಮೇಲೆ ಎರಡು ಮಿಲಿಮೀಟರಿನ ಕಾರ್ಕು. ಲಿವರ್ ಅದುಮಿದಾಗಲೆಲ್ಲ ಕಾರ್ಕು ಕುಸಿದು, ಪೂರ್ತಿ ಎದ್ದೇಳದೆ, ಹದಿನಾರು ಸಲದಲ್ಲಿ ಕೂದಲೆಳೆ ಕೂದಲೆಳೆಯಾಗಿ ಕೆಳಗಿಳಿಯುತ್ತಿತ್ತು. ಬ್ಲೇಡಿನಲ್ಲಿ ಕಾರ್ಕು ಹೆರೆದು ಬಿಸಾಡಿ, ಲೋಹಕ್ಕೆ ಲೋಹ ಕೂರಿಸಿ ಬಿಗಿದೆ. ಖರ್ಚು ಸೊನ್ನೆ. ಅದಕ್ಕೆ ಮೊದಲು ಸುರಿದ ದುಡ್ಡಿನ ಲೆಕ್ಕ ಮನೆಯವಳಿಗೆ ತಿಳಿಯದಿರಲಿ.

(ಈ ಮಧ್ಯೆ ಮುಂದಿನ ಯೋಜನೆ ಆಗಲೇ ತಲೆಯಲ್ಲಿ ಕೂತಿದೆ. ಜರ್ಮನಿಯ ಕಲೋನ್‌ನ ಹೊಹೆನ್‌ಝೊಲರ್ನ್ ಸೇತುವೆಯಲ್ಲಿ ರೈಲು ಹಳಿಗೂ ಕಾಲುದಾರಿಗೂ ನಡುವಿನ ಜಾಲರಿ ತುಂಬ 2008ರಿಂದ ಬೀಗಗಳು. ಅಲ್ಲಿ ಅಲ್ಲಾಡುವುದೇ ಬೇಕು. ರೈಲು ಹೋಗುವಾಗೊಂದು, ಹೋದಮೇಲೊಂದು ಕ್ಲಿಕ್. ಅದನ್ನು ಸಿ220ಯಲ್ಲಿ ತೆಗೆಯೋದಿಲ್ಲ, ಅಪ್ಪನ ಟ್ರಂಕಿನಲ್ಲಿರುವ ಆಗ್ಫಾ ಕ್ಲಿಕ್ ತ್ರೀಯಲ್ಲಿ. ಬರೋಡದಲ್ಲಿ ತಯಾರಾದ ಆ ಡಬ್ಬಿಗೆ ಎರಡು ಸಲ ಒತ್ತಬೇಡ ಅಂತ ತಡೆಯುವ ಬುದ್ಧಿಯೇ ಇಲ್ಲ. ಇಂಥ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಕ್ಯಾಮೆರಾ ಯಾವುದು? ಅದರ ಲೆನ್ಸಿನ ಫಂಗಸ್ ತೆಗೆದ ಅನುಭವ ಇರುವವರು ದಾರಿ ಹೇಳಿ.)

ಈಗ ಏಳನೇ ಫ್ರೇಮು. ದೋಣಿ ಕೋಣೆಯ ಕೆಳತುದಿಯಲ್ಲಿ, ಚಿತ್ರದಿಂದ ಹೊರಗೆ. ಎದುರು ಗೋಡೆಯ ಮೇಲೆ 16 ನೀರಿನ ಗೆರೆ. ಅವು ಸಮಸಮನಾಗಿ ಬರುತ್ತವೆ ಅಂದುಕೊಂಡಿದ್ದೆ, ಏಣಿಯ ಮೆಟ್ಟಿಲ ಹಾಗೆ. ಇಲ್ಲ. ತಳದಲ್ಲಿ ಗೆರೆಯಿಂದ ಗೆರೆಗೆ ಹೆಚ್ಚು ಕಡಿಮೆ ಒಂದು ಮೊಳ. ಮೇಲೆ ಹೋದಂತೆ ಗೇಣು, ಆಮೇಲೆ ಮುಷ್ಟಿ, ಅಂಚಿನ ಹತ್ತಿರ ಬೆರಳಗಲಕ್ಕೆ ಬಂದು ಸೀರೆಯ ನೆರಿಗೆ ಹಿಡಿದ ಹಾಗೆ ಒತ್ತೊತ್ತಾಗಿವೆ. ಎರಡು ಕೋಣೆಯ ನೀರು ಸಮವಾಗುತ್ತ ಬಂದಂತೆ ತೂಬಿನ ರಭಸ ಇಳಿಯುತ್ತದೆ, ಅದು ಓದಿ ಗೊತ್ತಿತ್ತು. ಕಣ್ಣಿಗೆ ಹೀಗೆ ಕಾಣುತ್ತದೆ ಅಂತ ಗೊತ್ತಿರಲಿಲ್ಲ. ಎಡಮೂಲೆಯಲ್ಲಿ ನಾನು ಗಮನಿಸದೇ ಇದ್ದ ಇನ್ನೊಂದು ವಸ್ತುವೂ ಬಂದಿದೆ. ತೂಬು ಎತ್ತುವ ಹಲ್ಲಿನ ಗೇರಿಗೆ ನೇತುಬಿದ್ದ ಒಂದು ಬೀಗ. ಸಂಜೆ ಕೀಪರ್ ಮನೆಗೆ ಹೋಗುವಾಗ ಜಡಿಯುವಂಥದ್ದು. ಹೆಸರಿಲ್ಲ, ಹೃದಯವಿಲ್ಲ, ಬಾಯಿಗೆ ಒಂದಿಷ್ಟು ಗ್ರೀಸು. ಲಾಕಿಗೇ ಬೀಗ! ಪ್ಯಾರಿಸ್‌ಗೆ ಹೋಗಿ ಬಂದ ಟಿಕೆಟ್ಟು ಇನ್ನೂ ಜೇಬಲ್ಲಿದೆ.

ಬೆಳಿಗ್ಗೆ ಸ್ಕ್ಯಾನ್ ಮಾಡಿ ವಾಟ್ಸಾಪಿನಲ್ಲಿ ಅಪ್ಪನಿಗೆ ಕಳಿಸಿದೆ. ನನ್ನ ಚಿತ್ರಗಳಿಗೆ ಅವರದ್ದು ಯಾವಾಗಲೂ ಒಂದೇ ಉತ್ತರ, ಎರಡು ಕೈ ಮುಗಿದ ಗುರುತು. ಈ ಸಲ ಫೋನೇ ಬಂತು.

"ಮೊದ್ಲು ನೀರು ಜೋರಾಗ್ ಬಂದು ಆಮೇಕೆ ಸೋತದೆ ಕಣ್ಲಾ."

"ಹೌದಪ್ಪ. ಹೆಂಗ್ ಗೊತ್ತಾಯ್ತು?"

"ಗ್ವಾಡೆ ಮ್ಯಾಗೇ ಬರದದಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದೆ ಎಮ್ಮೆ ಕೂಗಿತು. "ಅಲ್ಲಾ, ಆ ಬೀಗದ ಕೈ ಯಾರ್ತಾವ ಇರ್ತದೆ?"

"ಕೀಪರ್ ಹತ್ರ."

"ಒಬ್ನತ್ರಾನೇ?" ಅಂದರು. "ರಾತ್ರಿ ಹೊತ್ನಲ್ಲಿ ಯಾರೂ ಬಂದು ತೂಬು ಎತ್ತಕಿಲ್ವಾ ಅಲ್ಲಿ?"