ತೆಗೆದಿದ್ದೆಷ್ಟು, ಹಾಕಿದ್ದೆಷ್ಟು? ಕೂಲಂಟ್ ಬದಲಿಸಿದ ಮೇಲೆ ಬೈಕ್ ಬಿಸಿಯಾದರೆ

"ಕೂಲಂಟ್ ಬದಲಿಸಿದ ಮ್ಯಾಲೇ ಗಾಡಿ ಬಿಸಿ ಆಗಾಕತ್ತೈತಣ್ಣ, ಮೊದ್ಲು ಚೊಲೋ ಇತ್ತು." ದಾವಣಗೆರೆಯಲ್ಲಿ ಬಿಸಿಲು ಏರಿತೆಂದರೆ ಗ್ಯಾರೇಜಿನಲ್ಲಿ ಮತ್ತೆ ಮತ್ತೆ ಕೇಳುವ ದೂರು ಇದು. ಪಲ್ಸರ್ ಎನ್‌ಎಸ್200, ಡ್ಯೂಕ್, ಡಾಮಿನಾರ್, ಆರ್15, ಯಾವ ಲಿಕ್ವಿಡ್ ಕೂಲ್ಡ್ (ಕೂಲಂಟ್ ಎಂಬ ದ್ರವ ಎಂಜಿನನ್ನು ತಣಿಸುವ) ಗಾಡಿಯೇ ಇರಲಿ, ವಾಟರ್ ಪಂಪ್ ಬಿಚ್ಚುವುದಕ್ಕೂ ಹೊಸ ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತರಿಸುವುದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ. ಡ್ರೈನ್ ಮಾಡಿದಾಗ ಎಷ್ಟು ಮಿಲೀ ಹೊರಬಂತು, ತುಂಬಿದಾಗ ಎಷ್ಟು ಮಿಲೀ ಹಿಡಿಯಿತು?

ಇದಕ್ಕೆ ಉತ್ತರ ಸಿಗುವುದು ಅಪರೂಪ, ಯಾಕೆಂದರೆ ಹಳೇ ಕೂಲಂಟನ್ನು ನೇರವಾಗಿ ನೆಲಕ್ಕೋ ಟ್ರೇಗೋ ಬಿಟ್ಟಿರುತ್ತಾರೆ. ಅಳತೆ ಗೆರೆಯಿರುವ ಒಂದು ಡಬ್ಬಿಗೆ ಹಿಡಿದಿದ್ದರೆ ಅರ್ಧ ತೊಂದರೆ ಅಲ್ಲೇ ತಿಳಿಯುತ್ತಿತ್ತು. 900 ಮಿಲೀ ಹೊರಬಂದ ಗಾಡಿಗೆ 600 ಹಾಕುವಷ್ಟರಲ್ಲೇ ರೇಡಿಯೇಟರ್ ಕಂಠದವರೆಗೆ ತುಂಬಿತೆಂದರೆ, ಉಳಿದ 300 ಮಿಲೀ ಜಾಗದಲ್ಲಿ ಗಾಳಿ ಕೂತಿದೆ ಎಂದೇ ಅರ್ಥ.

ಗಾಳಿ ಯಾವಾಗಲೂ ಎತ್ತರದ ಜಾಗ ಹುಡುಕುತ್ತದೆ. ಬೈಕಿನಲ್ಲಿ ಆ ಜಾಗ ಸಿಲಿಂಡರ್ ಹೆಡ್ಡಿನ ಮೇಲ್ಭಾಗ ಮತ್ತು ಥರ್ಮೋಸ್ಟಾಟ್ ಹೌಸಿಂಗ್. ಥರ್ಮೋಸ್ಟಾಟಿನೊಳಗಿನ ಮೇಣ ಕರಗಿ ವಾಲ್ವ್ ತೆರೆಯಬೇಕಾದರೆ ಬಿಸಿ ದ್ರವ ಅದಕ್ಕೆ ತಾಗಬೇಕು. ಸುತ್ತ ಗಾಳಿ ಇದ್ದರೆ ತೆರೆಯುವುದು ತಡವಾಗುತ್ತದೆ. ಪಂಪಿನ ಇಂಪೆಲ್ಲರ್ (ತಿರುಗುವ ರೆಕ್ಕೆಚಕ್ರ) ದ್ರವವನ್ನು ತಳ್ಳುತ್ತದೆಯೇ ಹೊರತು ಗಾಳಿಯನ್ನು ತಳ್ಳಲಾರದು. ಎಲ್ಲಕ್ಕಿಂತ ಮೋಸದ್ದು ಸೆನ್ಸರ್ ವಿಚಾರ. ಸೆನ್ಸರ್ ತುದಿ ಗಾಳಿಯಲ್ಲಿದ್ದರೆ ಹೆಡ್ಡು ಕಾದು ಕೆಂಡವಾಗಿದ್ದರೂ ಮೀಟರ್ ಕಡಿಮೆ ತೋರಿಸುತ್ತದೆ, ಫ್ಯಾನ್ ತಿರುಗುವುದೇ ಇಲ್ಲ. ಆಮೇಲೆ ಬಿಸಿ ದ್ರವ ಒಮ್ಮೆ ನುಗ್ಗಿ ಬಂದಾಗ ಮೀಟರಿನಲ್ಲಿ ಎರಡು ಕಡ್ಡಿ ಒಟ್ಟಿಗೇ ಏರುತ್ತವೆ, ಮತ್ತೆ ಇಳಿಯುತ್ತವೆ. ಮೀಟರ್ ಹೀಗೆ ಕುಣಿಯುತ್ತಿದ್ದರೆ ಫ್ಯಾನ್ ಮೋಟರನ್ನು ದೂರುವ ಮುನ್ನ ಗಾಳಿ ತೆಗೆಯಿರಿ.

ಗಾಳಿ ತೆಗೆಯುವ ಕೆಲಸ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಒತ್ತಡದಲ್ಲಿದ್ದ ಕೂಲಂಟ್ ಮುಖಕ್ಕೇ ಚಿಮ್ಮುತ್ತದೆ. ಮೇಲೆ ಬಟ್ಟೆ ಹಾಕಿ ತಿರುಗಿಸಿದರೆ ಸಾಕೆನ್ನುವುದು ತಪ್ಪು. ಮುಂದಿನ ಚಕ್ರವನ್ನು ಅರ್ಧ ಅಡಿ ಎತ್ತರದ ಹಲಗೆಯ ಮೇಲಿಟ್ಟು, ಮುಚ್ಚಳವಿರುವ ಬದಿ ಮೇಲಾಗುವಂತೆ ಗಾಡಿ ವಾಲಿಸಿ. ಮುಚ್ಚಳ ಬಲಗಡೆ ಇದ್ದರೆ ಸೈಡ್ ಸ್ಟ್ಯಾಂಡಿನ ವಾಲೇ ಸಾಕು. ಎಡಗಡೆ ಇದ್ದರೆ ಒಬ್ಬರು ಬಲಕ್ಕೆ ವಾಲಿಸಿ ಹಿಡಿಯಬೇಕು. ಕೂಲಂಟನ್ನು ಸಣ್ಣ ಧಾರೆಯಲ್ಲಿ, ಒಮ್ಮೆಗೆ 100 ಮಿಲೀಯಂತೆ ಹಾಕಿ, ನಡುನಡುವೆ ಮೇಲಿನ ಮತ್ತು ಕೆಳಗಿನ ಹೋಸನ್ನು ಹಿಸುಕಿ. ಪ್ರತಿ ಹಿಸುಕಿಗೂ ಗುಳ್ಳೆ ಬರುತ್ತದೆ, ಮಟ್ಟ ಇಳಿಯುತ್ತದೆ. ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ಸ್ಕ್ರೂ) ಇರುವ ಮಾದರಿಯಾದರೆ ಅದನ್ನು ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಬಿಗಿಮಾಡಿ. ಅದರ ವಾಷರ್ ಹೊಸದೇ ಇರಲಿ, ಡ್ರೈನ್ ಬೋಲ್ಟಿನದೂ ಅಷ್ಟೇ.

ನಂತರ ಮುಚ್ಚಳ ತೆರೆದೇ ಎಂಜಿನ್ ಚಾಲು ಮಾಡಿ ಐಡಲಿನಲ್ಲಿ ಬಿಡಿ, ಆಗಾಗ ಸ್ವಲ್ಪ ರೇಸ್ ಕೊಡಿ. ಕೆಲವು ನಿಮಿಷದಲ್ಲಿ ಥರ್ಮೋಸ್ಟಾಟ್ ತೆರೆದಾಗ ಕಂಠದ ಮಟ್ಟ ತಟ್ಟನೆ ಕೆಳಗಿಳಿಯುತ್ತದೆ. ಈ ಕ್ಷಣಕ್ಕಾಗಿ ಕಾಯಬೇಕು. ಇಳಿದಷ್ಟು ತುಂಬಿ, ಮುಚ್ಚಳ ಹಾಕಿಬಿಡಿ. ಫ್ಯಾನ್ ತಿರುಗುವವರೆಗೂ ಮುಚ್ಚಳ ತೆರೆದಿಟ್ಟರೆ ಉಕ್ಕಿ ಕೈ ಸುಡುತ್ತದೆ. ಹೆಚ್ಚುವರಿ ಕೂಲಂಟಿನ ಡಬ್ಬಿಯಾದ ರಿಸರ್ವಾಯರನ್ನು ಎರಡು ಗೆರೆಗಳ ನಡುವೆ ತುಂಬಿ ಗಾಡಿಯನ್ನು ರಾತ್ರಿಯಿಡೀ ನಿಲ್ಲಿಸಿ. ಬೆಳಗ್ಗೆ ಮುಚ್ಚಳ ತೆಗೆದಾಗ ಕಂಠ ತುಂಬಿರಬೇಕು, ರಿಸರ್ವಾಯರಿನಲ್ಲಿ ಸ್ವಲ್ಪ ಇಳಿದಿರಬಹುದು. ಕಂಠವೇ ಖಾಲಿಯಿದ್ದು ರಿಸರ್ವಾಯರ್ ಮಾತ್ರ ತುಂಬಿಯೇ ಇದ್ದರೆ ತೊಂದರೆ ಮುಚ್ಚಳದಲ್ಲಿ ಅಥವಾ ಎರಡರ ನಡುವಿನ ಸಣ್ಣ ಪೈಪಿನಲ್ಲಿ.

ಈ ಮುಚ್ಚಳದ ಬಗ್ಗೆ ಜನ ತೋರುವ ಅಸಡ್ಡೆ ನೋಡಿದರೆ ಬೇಸರವಾಗುತ್ತದೆ. ಅದು ಬರೀ ಮುಚ್ಚಳವಲ್ಲ, ಎರಡು ವಾಲ್ವ್ ಇರುವ ಬಿಡಿಭಾಗ. ಸುಮಾರು 1.1 ಬಾರ್ ಒತ್ತಡದವರೆಗೆ ದೊಡ್ಡ ವಾಲ್ವ್ ತಡೆಹಿಡಿಯುತ್ತದೆ. ಎಂಜಿನ್ ತಣ್ಣಗಾದಾಗ ನಡುವಿನ ಸಣ್ಣ ವಾಲ್ವ್ ತೆರೆದು ರಿಸರ್ವಾಯರಿನಿಂದ ಕೂಲಂಟನ್ನು ವಾಪಸ್ ಎಳೆದುಕೊಳ್ಳುತ್ತದೆ. ಅರ್ಧ ನೀರು ಅರ್ಧ ಗ್ಲೈಕಾಲ್ ಇರುವ ಕೂಲಂಟ್ ತೆರೆದ ಪಾತ್ರೆಯಲ್ಲಿ 107 ಡಿಗ್ರಿ ಆಸುಪಾಸಿನಲ್ಲಿ ಕುದಿಯುತ್ತದೆ. ಮುಚ್ಚಳದ ಒತ್ತಡ ಸೇರಿದರೆ 125 ದಾಟುತ್ತದೆ. ರಬ್ಬರ್ ಸೀಲ್ ಬಿರಿದ ಮುಚ್ಚಳವನ್ನೇ ಮತ್ತೆ ಹಾಕಿದರೆ ಎಷ್ಟೇ ದುಬಾರಿ ಕೂಲಂಟ್ ತುಂಬಿದರೂ ಈ ಲಾಭ ಸಿಗದು. ಸಣ್ಣ ಪೈಪ್ ಸೀಳಿದ್ದರೆ ತಣ್ಣಗಾಗುವಾಗ ಅದು ಕೂಲಂಟಿನ ಬದಲು ಗಾಳಿ ಎಳೆಯುತ್ತದೆ, ನೀವು ತೆಗೆದ ಗಾಳಿ ಮರುದಿನವೇ ಒಳಗೆ ಬಂದಿರುತ್ತದೆ.

ಕಾನ್ಸಂಟ್ರೇಟ್ (ನೀರು ಸೇರಿಸದ ಕೂಲಂಟ್) ತಂದು ತಾವೇ ನೀರು ಬೆರೆಸುವವರಿಗೆ ಒಂದು ಮಾತು. ದಾವಣಗೆರೆ, ಚಿತ್ರದುರ್ಗ ಸೀಮೆಯ ಬೋರ್ ನೀರು ಗಡಸು. ಮನೆಯ ಸೋಲಾರ್ ಪೈಪಿನಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತನ್ನಿ, ಆ್ಯಸಿಡ್ ಬಾಟಲಿ ಅಲ್ಲವೆಂದು ಲೇಬಲ್ ಓದಿ ಖಚಿತ ಮಾಡಿಕೊಳ್ಳಿ. ರೆಡಿ ಮಿಕ್ಸ್ ಕೂಲಂಟಿಗೆ ಮತ್ತೆ ನೀರು ಸೇರಿಸಬಾರದು. ಬಣ್ಣ ನೋಡಿ ಕೂಲಂಟ್ ಗುರುತಿಸಬೇಡಿ. ಹಸಿರು, ಕೆಂಪು, ನೀಲಿ ಎಂಬುದು ಕಂಪನಿ ಹಾಕುವ ಬಣ್ಣ ಅಷ್ಟೇ. ಬೇರೆ ಬೇರೆ ಜಾತಿಯ ಕೂಲಂಟ್ ಬೆರೆತರೆ ಕೆಲವೊಮ್ಮೆ ಲೋಳೆಯಂತೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.

ಗಾಳಿ ತೆಗೆದ ಮೇಲೂ ಬಿಸಿಯಾಗುತ್ತಿದ್ದರೆ, ಎಲ್ಲಿ ಬಿಸಿಯಾಗುತ್ತದೆಂದು ವಿಚಾರಿಸಿ. ಪಿ.ಬಿ. ರಸ್ತೆಯ ಟ್ರಾಫಿಕ್ಕಿನಲ್ಲಿ ಮಾತ್ರ ಬಿಸಿಯಾಗಿ, ಚಿತ್ರದುರ್ಗದ ಕಡೆ ಹೆದ್ದಾರಿಯಲ್ಲಿ ಓಡುವಾಗ ಸರಿಯಿದ್ದರೆ ಫ್ಯಾನ್ ಕಡೆ ನೋಡಿ. ಟ್ಯಾಂಕ್ ಅಥವಾ ಫೇರಿಂಗ್ ಬಿಚ್ಚಿ ಜೋಡಿಸುವಾಗ ಕನೆಕ್ಟರ್ ಬಿಟ್ಟುಹೋಗಿರುತ್ತದೆ. ಫ್ಯಾನಿಗೆ ನೇರ 12 ವೋಲ್ಟ್ ಕೊಟ್ಟು, ರೇಡಿಯೇಟರ್ ಮುಂದೆ ಒಂದು ತುಂಡು ಕಾಗದ ಹಿಡಿಯಿರಿ. ಹಿಂಬದಿಯಲ್ಲಿರುವ ಫ್ಯಾನ್ ಕಾಗದವನ್ನು ಸೆಳೆದುಕೊಳ್ಳಬೇಕು, ದೂರ ತಳ್ಳಿದರೆ ವೈರ್ ಅದಲುಬದಲಾಗಿದೆ. ಹೆದ್ದಾರಿಯಲ್ಲೇ ಬಿಸಿಯೇರಿದರೆ ಹರಿವಿನ ತೊಂದರೆ: ಥರ್ಮೋಸ್ಟಾಟ್, ಪಂಪ್ ಅಥವಾ ಕಟ್ಟಿಕೊಂಡ ರೇಡಿಯೇಟರ್. ಮೆಕ್ಕೆಜೋಳದ ಸುಗ್ಗಿಯಲ್ಲಿ ಹೊಟ್ಟು, ದೂಳು ರೇಡಿಯೇಟರಿನ ಫಿನ್ನುಗಳ (ತೆಳು ತಗಡಿನ ಪಟ್ಟಿಗಳ) ನಡುವೆ ಕಂಬಳಿಯಂತೆ ಕೂರುತ್ತದೆ. ಹಿಂದಿನಿಂದ ಮುಂದಕ್ಕೆ ಮೆತ್ತಗೆ ನೀರು ಬಿಟ್ಟು ತೊಳೆಯಿರಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಫಿನ್ ಮಲಗಿಬಿಡುತ್ತವೆ.

ಥರ್ಮೋಸ್ಟಾಟ್ ಅನುಮಾನವಿದ್ದರೆ ದಾರ ಕಟ್ಟಿ, ತಳ ಮುಟ್ಟದಂತೆ ಬಿಸಿನೀರಿಗೆ ಇಳಿಬಿಟ್ಟು ಥರ್ಮಾಮೀಟರ್ ಇಟ್ಟು ನೋಡಿ. ಅದರ ಮೇಲೆ ಅಚ್ಚಾಗಿರುವ ಡಿಗ್ರಿಯ ಆಸುಪಾಸಿನಲ್ಲಿ ತೆರೆಯಬೇಕು. ಅದನ್ನು ಕಿತ್ತುಹಾಕಿ ಹಾಗೇ ಓಡಿಸುವ ಉಪಾಯ ಬೇಡ. ಎಂಜಿನ್ ಸರಿಯಾದ ಬಿಸಿಗೆ ಬರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಕೂಲಂಟ್ ತೊಟ್ಟಿಕ್ಕಿದರೆ ಸೀಲ್ ಹೋಗಿದೆ, ರಂಧ್ರಕ್ಕೆ ಎಂ-ಸೀಲ್ ಮೆತ್ತಬೇಡಿ. ಮುಚ್ಚಿದರೆ ಕೂಲಂಟ್ ಎಂಜಿನ್ ಆಯಿಲಿಗೆ ಸೇರಬಹುದು. ಎಷ್ಟು ಹೊತ್ತು ಬ್ಲೀಡ್ ಮಾಡಿದರೂ ಕಂಠದಲ್ಲಿ ಗುಳ್ಳೆ ನಿಲ್ಲದಿದ್ದರೆ, ಆಯಿಲ್ ಹಾಲುಹಾಲಾಗಿದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಸಿಲಿಂಡರಿಗೂ ನಡುವಿನ ಸೀಲ್) ನೋಡಲೇಬೇಕು. ಅಂಥ ಗಾಡಿಯನ್ನು ಓಡಿಸಿಕೊಂಡು ಕಳಿಸಬೇಡಿ.

ಅಳತೆಗೆಂದು ಡಬ್ಬಿಗೆ ಹಿಡಿದ ಹಳೇ ಕೂಲಂಟನ್ನು ಚರಂಡಿಗೆ ಸುರಿಯಬೇಡಿ, ತೆರೆದೂ ಇಡಬೇಡಿ. ಗ್ಲೈಕಾಲ್ ಸಿಹಿಯಾಗಿರುತ್ತದೆ, ಬೀದಿನಾಯಿ, ದನಕರು ನೆಕ್ಕುತ್ತವೆ, ಸ್ವಲ್ಪವೇ ಸಾಕು ಪ್ರಾಣ ತೆಗೆಯಲು. ಮುಚ್ಚಳವಿರುವ ಕ್ಯಾನಿಗೆ ತುಂಬಿ, "ಹಳೇ ಕೂಲಂಟ್, ವಿಷ" ಎಂದು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ.